ಪಗನಿನಿಯ ಒಂಟಿ ತಂತಿ: ಆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಏನು ಬಿಟ್ಟುಹೋಗಿದೆ?

ಮಸ್ಕಿ ತಾಲೂಕಿನ ಸಂತೆಕಲ್ಲೂರಿನಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸ್ಆ್ಯಪ್ ಫಾರ್ವರ್ಡ್ ಕಳಿಸಿದ್ದಾರೆ. ಅವರು ಹೈಸ್ಕೂಲ್ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆಗೆ ಮುಂಚೆ ಧೈರ್ಯ ತುಂಬಲು ಈ ಕತೆ ಹೇಳಬೇಕೆಂದುಕೊಂಡಿದ್ದರಂತೆ. ಜೊತೆಗೆ ಒಂದು ವಾಯ್ಸ್ ಮೆಸೇಜ್: "ಮಕ್ಕಳ ಮುಂದ ಹೇಳೋಕಿಂತ ಮೊದಲ ಇದು ಖರೆ ಐತೋ ಇಲ್ಲೋ ನೋಡಿ ಹೇಳ್ರಿ. ನಮ್ಮ ಕ್ಲಾಸಿನಾಗ ತಂದಿ ತಾಯಿ ಗುಳೆ ಹೋದ ಮಕ್ಕಳು ಅದಾರ. ಸುಳ್ಳು ಕತಿ ಹೇಳಿ ಅವರಿಗೆ ಧೈರ್ಯ ಕೊಡಬಾರದು."

ಆ ಫಾರ್ವರ್ಡ್ ನಿಮಗೂ ಬಂದಿರಬಹುದು. ಸೂರ್ಯೋದಯದ ಚಿತ್ರ, ಕೈಮುಗಿದ ಎಮೋಜಿ, ಅದರ ಕೆಳಗೆ ಕತೆ. ಇಟಲಿಯ ಮಹಾನ್ ಪಿಟೀಲು ವಾದಕ ಪಗನಿನಿ ತುಂಬಿದ ಸಭೆಯಲ್ಲಿ ನುಡಿಸುತ್ತಿದ್ದಾಗ ಪಟ್ಟನೆ ಒಂದು ತಂತಿ ಹರಿಯುತ್ತದೆ. ಜನ ಗಾಬರಿಯಾಗುತ್ತಾರೆ, ಆತ ನಿಲ್ಲಿಸುವುದಿಲ್ಲ. ಎರಡನೆಯದು ಹರಿಯುತ್ತದೆ, ಮೂರನೆಯದೂ ಹರಿಯುತ್ತದೆ. ಉಳಿದ ಒಂದೇ ತಂತಿಯಲ್ಲಿ ಆತ ಇಡೀ ಕೃತಿಯನ್ನು ಮುಗಿಸುತ್ತಾನೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಕೊನೆಗೆ ನೀತಿ: ನಿನ್ನ ಬದುಕಿನ ತಂತಿಗಳೆಲ್ಲ ಹರಿದರೂ ಒಬ್ಬನೇ ನುಡಿಸು, ಯಾರನ್ನೂ ನಂಬಬೇಡ, ಇದನ್ನು ಹತ್ತು ಜನರಿಗೆ ಕಳಿಸು.

ಕತೆಯ ಒಂದು ಎಳೆ ನಿಜ. ಉಳಿದದ್ದು ಉಬ್ಬಿಸಿದ್ದು. "ಒಬ್ಬನೇ" ಎಂಬ ಮಾತಂತೂ ಈ ಮನುಷ್ಯನ ಸಂಗೀತಕ್ಕೆ ಸ್ವಲ್ಪವೂ ಹೊಂದುವುದಿಲ್ಲ.

ಊರಿಲ್ಲ, ತಾರೀಕಿಲ್ಲ

ಇಂಥ ಕತೆ ಬಂದಾಗ ನಾವು ಮೊದಲು ನೋಡುವುದು ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾವ ಕೃತಿ ನುಡಿಸುತ್ತಿದ್ದರು ಎಂಬುದನ್ನು. ಈ ಫಾರ್ವರ್ಡ್‌ನಲ್ಲಿ ಮೂರೂ ಇಲ್ಲ. ಇದೇ ಅಚ್ಚಿನ ಇನ್ನೊಂದು ಕತೆ ಇಟ್ಜಾಕ್ ಪರ್ಲ್‌ಮನ್ ಎಂಬ ಈ ಕಾಲದ ಪಿಟೀಲು ವಾದಕರ ಹೆಸರಿನಲ್ಲಿ ಓಡಾಡುತ್ತಿದೆ. ಅಲ್ಲಿ ಹರಿಯುವುದು ಒಂದೇ ತಂತಿ, ನಡೆಯುವುದು 1995ರ ನ್ಯೂಯಾರ್ಕ್‌ನಲ್ಲಿ, ನೀತಿ ಮಾತ್ರ ಹೆಚ್ಚುಕಡಿಮೆ ಇದೇ. ಹೆಸರು ಬದಲಾದರೂ ನೀತಿ ಬದಲಾಗದ ಕತೆ ಕಂಡರೆ ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು.

ನಿಕೊಲೊ ಪಗನಿನಿ ನಿಜವಾಗಿ ಇದ್ದ ಮನುಷ್ಯ. ಹುಟ್ಟಿದ್ದು ಇಟಲಿಯ ಬಂದರು ಪಟ್ಟಣ ಜಿನೋವಾದಲ್ಲಿ, 1782ರ ಅಕ್ಟೋಬರ್ 27ರಂದು. ತೀರಿಕೊಂಡದ್ದು 1840ರ ಮೇ 27ರಂದು, ನೀಸ್ ಎಂಬ ಊರಿನಲ್ಲಿ. ಆತ ಒಂದೇ ತಂತಿಯಲ್ಲಿ ನುಡಿಸುತ್ತಿದ್ದದ್ದೂ ನಿಜ. ಆದರೆ ಅದಕ್ಕಾಗಿ ತಂತಿ ಹರಿಯಬೇಕಾಗಿರಲಿಲ್ಲ.

1805ರ ನಂತರ ಕೆಲವು ವರ್ಷ ಪಗನಿನಿ ಲುಕ್ಕಾ ಎಂಬ ಸಣ್ಣ ಸಂಸ್ಥಾನದಲ್ಲಿ ಆಸ್ಥಾನ ವಾದಕನಾಗಿದ್ದ. ಅಲ್ಲಿ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲೀಸಾ. ಒಮ್ಮೆ ಆತ ಪ್ರೇಮಿಗಳಿಬ್ಬರ ಮಾತುಕತೆಯಂಥ ಒಂದು ಕೃತಿ ಮಾಡಿದ. ಪಿಟೀಲಿನ ಅತಿ ತೆಳು ತಂತಿ ಹೆಣ್ಣಿನ ದನಿ, ಅತಿ ದಪ್ಪ ತಂತಿ ಗಂಡಿನ ದನಿ, ನಡುವಿನ ಎರಡು ತಂತಿ ಬೇಡವೇ ಬೇಡ. ಅದನ್ನು ಮೆಚ್ಚಿದ ಎಲೀಸಾ, ಎರಡರಲ್ಲಿ ಇಷ್ಟು ಮಾಡಿದವನಿಗೆ ಒಂದು ಸಾಲದೇ ಎಂದು ಕೇಳಿದಳಂತೆ. ಇದು ಪಗನಿನಿಯೇ ಆಮೇಲೆ ಹೇಳಿಕೊಂಡ ಸಂಗತಿ. ಮುಂದೆ ನೆಪೋಲಿಯನ್ನನ ಹುಟ್ಟುಹಬ್ಬಕ್ಕೆಂದು ದಪ್ಪ ತಂತಿಯೊಂದರಲ್ಲೇ ನುಡಿಸುವ ಒಂದು ಸೊನಾಟಾ ಬರೆದ. ರೊಸ್ಸೀನಿಯ ಮೋಸೆ ಎಂಬ ಒಪೇರಾದ ಪ್ರಾರ್ಥನೆ ಹಾಡನ್ನು ಆಧರಿಸಿದ, ಒಂದೇ ತಂತಿಯ ಇನ್ನೊಂದು ಕೃತಿಯನ್ನು ಪಿಟೀಲು ವಾದಕರು ಇಂದಿಗೂ ನುಡಿಸುತ್ತಾರೆ.

ಅಂದರೆ ಒಂಟಿ ತಂತಿ ಎಂಬುದು ಅವಘಡವಲ್ಲ. ಕೂತು ಯೋಚಿಸಿ, ಬರೆದು, ಅಭ್ಯಾಸ ಮಾಡಿ ತಂದ ಕೃತಿ.

ಒಂದು ತಂತಿಯಲ್ಲಿ ಅಷ್ಟು ಸ್ವರ ಹೇಗೆ?

ನಮ್ಮ ಕಡೆ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ನೋಡಿದ್ದೀರಿ. ಅಲ್ಲಿಯೂ ಒಂದೇ ತಂತಿ. ಆದರೆ ಅದರ ಕೆಲಸ ಶ್ರುತಿ ಹಿಡಿದಿರುವುದು, ರಾಗ ಬರುವುದು ಹಾಡುವವರ ಗಂಟಲಿನಿಂದ. ಪಿಟೀಲಿನಲ್ಲಿ ಬೆರಳು ತಂತಿಯ ಮೇಲೆ ಓಡಾಡುತ್ತದೆ, ಹಾಗಾಗಿ ಒಂದೇ ತಂತಿಯಲ್ಲಿ ಬೇರೆ ಬೇರೆ ಸ್ವರ ಹುಟ್ಟುತ್ತವೆ.

ಲೆಕ್ಕ ಸರಳ. ಪಿಟೀಲಿನ ತಂತಿಯಲ್ಲಿ ಕಂಪಿಸುವ ಭಾಗದ ಉದ್ದ ಸುಮಾರು 33 ಸೆಂಟಿಮೀಟರ್. ಸರಿಯಾಗಿ ನಡುವೆ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ, ಷಡ್ಜ ಇದ್ದದ್ದು ತಾರಷಡ್ಜವಾದಂತೆ. ಕಾಲು ಭಾಗ ಮಾತ್ರ ಕಂಪಿಸುವಂತೆ ಒತ್ತಿದರೆ ಎರಡು ಸ್ಥಾಯಿ ಮೇಲೆ, ಎಂಟನೇ ಒಂದು ಭಾಗಕ್ಕೆ ಬಂದರೆ ಮೂರು ಸ್ಥಾಯಿ ಮೇಲೆ. ಆ ಎಂಟನೇ ಒಂದು ಭಾಗ ಎಂದರೆ ಬರೀ ನಾಲ್ಕು ಸೆಂಟಿಮೀಟರ್. ಅಲ್ಲಿ ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಕಷ್ಟ ಇರುವುದು ಅಲ್ಲಿ.

ಇನ್ನೊಂದು ಉಪಾಯವೂ ಇದೆ. ತಂತಿಯನ್ನು ಒತ್ತದೆ, ಅರ್ಧ ಅಥವಾ ಮೂರನೇ ಒಂದು ಭಾಗದಂಥ ಕೆಲವು ನಿಶ್ಚಿತ ಜಾಗಗಳಲ್ಲಿ ಬೆರಳ ತುದಿಯನ್ನು ಹಗುರವಾಗಿ ಸೋಕಿಸಿದರೆ ಕೊಳಲಿನಂಥ, ಸಿಳ್ಳೆಯಂಥ ತೆಳು ನಾದ ಬರುತ್ತದೆ. ತಂತಿ ಇಡಿಯಾಗಿ ಕಂಪಿಸುವ ಬದಲು ತುಂಡು ತುಂಡಾಗಿ ಕಂಪಿಸುವುದರಿಂದ ಹೀಗಾಗುತ್ತದೆ. ಪಗನಿನಿ ಇದನ್ನು ಹೇರಳವಾಗಿ ಬಳಸಿದ. ಆಗಿನ ಜನಕ್ಕೆ ಅದು ಪಿಟೀಲಿನ ದನಿಯೇ ಅಲ್ಲ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ತಂತಿ ಹರಿಯುತ್ತಲೇ ಇರಲಿಲ್ಲವೇ? ಹರಿಯುತ್ತಿತ್ತು. ಆಗಿನ ತಂತಿ ಕುರಿಯ ಕರುಳನ್ನು ಒಣಗಿಸಿ ಹೊಸೆದು ಮಾಡಿದ್ದು. ಬೆವರು, ಹವೆಯ ತೇವ ತಾಗಿದರೆ ಬೇಗ ಹಾಳಾಗುತ್ತದೆ. ಪಿಟೀಲು ಹಿಡಿದ ಯಾರಿಗಾದರೂ ಸಭೆಯ ನಡುವೆ ತಂತಿ ಹರಿದ ಅನುಭವ ಇದ್ದೇ ಇರುತ್ತಿತ್ತು. ಆದರೆ ನಾಲ್ಕು ತಂತಿಗೆ ಬರೆದ ಕೃತಿಯನ್ನು ಒಂದಾದ ಮೇಲೊಂದು ಮೂರು ತಂತಿ ಹೋದ ಮೇಲೂ ಬಿಡದೆ ಮುಗಿಸುವುದು ಬೇರೆ ಮಾತು. ತೆಳು ತಂತಿಯೊಂದೇ ಉಳಿದರೆ ಕೆಳಗಿನ ಸ್ವರಗಳೇ ಇಲ್ಲ. ದಪ್ಪ ತಂತಿಯೊಂದೇ ಉಳಿದರೆ ಎರಡು ತಂತಿಗೆ ಒಟ್ಟಿಗೆ ಕಮಾನು ತಾಗಿಸಿ ತೆಗೆಯುವ ಜೋಡಿ ಸ್ವರಗಳೆಲ್ಲ ಹೋದಂತೆ.

ದೆವ್ವ, ಕರುಳು, ಉದ್ದ ಬೆರಳು

ಇದೇ ಫಾರ್ವರ್ಡ್‌ನ ಉದ್ದನೆಯ ಆವೃತ್ತಿಗಳಲ್ಲಿ ಇನ್ನೂ ಮೂರು ಸಂಗತಿ ಸೇರಿರುತ್ತವೆ. ಬೇಗ ನೋಡಿಬಿಡೋಣ.

ಪಗನಿನಿ ಸೈತಾನನಿಗೆ ಆತ್ಮ ಮಾರಿದ್ದ ಎಂಬ ಪುಕಾರು ಆತ ಬದುಕಿದ್ದಾಗಲೇ ಹಬ್ಬಿತ್ತು. ಬೇಸತ್ತ ಆತ, ನಾನು ಮನುಷ್ಯರಿಗೇ ಹುಟ್ಟಿದವನು ಎಂದು ತೋರಿಸಲು ತನ್ನ ತಾಯಿಯ ಪತ್ರವನ್ನೇ ಅಚ್ಚು ಹಾಕಿಸಬೇಕಾಯಿತು. ಸತ್ತ ಮೇಲೂ ಕಾಟ ತಪ್ಪಲಿಲ್ಲ. ಕೊನೆಯ ಧಾರ್ಮಿಕ ವಿಧಿ ಮಾಡಿಸಿಕೊಳ್ಳಲಿಲ್ಲವೆಂದು ನೀಸ್‌ನ ಚರ್ಚ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಪಾರ್ಮಾ ಊರಿನ ಸ್ಮಶಾನದಲ್ಲಿ ಜಾಗ ಸಿಕ್ಕಿದ್ದು 1876ರಲ್ಲಿ. ಒಂದು ಸುಳ್ಳು ಸುದ್ದಿ ಹೆಣವನ್ನು 36 ವರ್ಷ ಅಲೆಸಿದ ಉದಾಹರಣೆ ಇದು.

ಕೊಂದ ಹೆಂಗಸಿನ ಕರುಳಿನಿಂದ ಪಿಟೀಲಿನ ತಂತಿ ಮಾಡಿದ್ದ ಎಂಬುದೂ ಆಗಲೇ ಹುಟ್ಟಿದ ಕತೆ. ಅದು ಕುರಿಯ ಕರುಳು ಎಂದು ಮೇಲೆ ಹೇಳಿದ್ದೇವೆ, ಅಷ್ಟೇ.

ಬೆರಳಿನ ವಿಷಯ ಸ್ವಲ್ಪ ಕುತೂಹಲದ್ದು. ಮಾರ್ಫಾನ್ ಸಿಂಡ್ರೋಮ್ ಎಂಬ ಅನುವಂಶಿಕ ಸ್ಥಿತಿಯಲ್ಲಿ ಕೈಕಾಲು, ಬೆರಳು ವಿಪರೀತ ಉದ್ದವಾಗುತ್ತವೆ. ಪಗನಿನಿಗೆ ಅದು ಇತ್ತು ಎಂದು 1978ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂತು. ಅಲ್ಲ, ಕೀಲುಗಳು ಅತಿಯಾಗಿ ಬಾಗುವ ಬೇರೊಂದು ಸ್ಥಿತಿ ಎಂದು ಇತರರು ವಾದಿಸಿದರು. ಇವೆಲ್ಲ ಸತ್ತು ನೂರು ವರ್ಷ ದಾಟಿದ ಮೇಲೆ ಹಳೆಯ ವರ್ಣನೆಗಳನ್ನು ಓದಿ ಮಾಡಿದ ಊಹೆಗಳು. ಆತನ ಕೈಯನ್ನು ಕಣ್ಣಾರೆ ಪರೀಕ್ಷಿಸಿ 1831ರಲ್ಲಿ ಬರೆದ ವೈದ್ಯ ಫ್ರಾನ್ಚೆಸ್ಕೊ ಬೆನ್ನಾಟಿ ಹೇಳಿದ್ದು ಬೇರೆಯೇ: ಕೈ ಅಸಾಮಾನ್ಯ ದೊಡ್ಡದೇನಲ್ಲ, ಆದರೆ ತುಂಬಾ ಮೆದುವಾಗಿ ಹಿಗ್ಗುತ್ತದೆ. ಹುಡುಗನಾಗಿದ್ದಾಗಿನಿಂದ ದಿನವಿಡೀ ಸಾಧನೆ ಮಾಡಿದ ಕೈ ಅದು ಎಂಬುದನ್ನೂ ಮರೆಯಬಾರದು.

ಫಾರ್ವರ್ಡ್‌ನಲ್ಲಿ ಇಲ್ಲದ ಪಗನಿನಿ

ಈಗ "ಒಬ್ಬನೇ" ಎಂಬ ಆ ನೀತಿಯ ಮಾತಿಗೆ ಬರೋಣ. ನಾವು ಬರೆಯಬೇಕೆಂದುಕೊಂಡದ್ದೇ ಈ ಭಾಗ.

ಪಗನಿನಿ ಮನೆಯಲ್ಲಿ ಅಪ್ಪನಿಂದ ಮೊದಲು ಕಲಿತದ್ದು ಮ್ಯಾಂಡೊಲಿನ್. ಆಮೇಲೆ ಪಿಟೀಲು, ಗಿಟಾರ್. ಗಿಟಾರನ್ನು ಸಭೆಗಳಲ್ಲಿ ಪ್ರದರ್ಶನಕ್ಕೆ ತರಲಿಲ್ಲ, ಆದರೆ ಮನೆಯಲ್ಲಿ, ಗೆಳೆಯರ ನಡುವೆ ಅದನ್ನು ಬಿಡಲೇ ಇಲ್ಲ. 1820ರಲ್ಲಿ ಮಿಲಾನ್ ನಗರದ ರಿಕೋರ್ಡಿ ಪ್ರಕಾಶನ ಆತನ ಐದು ಪುಸ್ತಕಗಳನ್ನು ಅಚ್ಚು ಮಾಡಿತು. ಮೊದಲನೆಯದು ಪಿಟೀಲೊಂದಕ್ಕೇ ಬರೆದ 24 ಕಪ್ರೀಸ್‌ಗಳು. ಜಗತ್ತಿಗೆಲ್ಲ ಗೊತ್ತಿರುವುದು ಅದು, ಪಿಟೀಲು ವಿದ್ಯಾರ್ಥಿಗಳ ಬೆವರಿಳಿಸುವುದೂ ಅದೇ. ಎರಡು ಮತ್ತು ಮೂರನೆಯ ಪುಸ್ತಕಗಳಲ್ಲಿ ಪಿಟೀಲು ಮತ್ತು ಗಿಟಾರ್ ಜೊತೆಯಾಗಿ ನುಡಿಸುವ 12 ಸೊನಾಟಾಗಳಿವೆ. ನಾಲ್ಕು ಮತ್ತು ಐದರಲ್ಲಿ ಪಿಟೀಲು, ವಯೋಲಾ, ಚೆಲ್ಲೊ, ಗಿಟಾರ್ ಈ ನಾಲ್ಕೂ ಕೂಡಿ ನುಡಿಸುವ ಆರು ಕ್ವಾರ್ಟೆಟ್‌ಗಳು. ಐದು ಪುಸ್ತಕಗಳಲ್ಲಿ ನಾಲ್ಕರಲ್ಲಿ ಗಿಟಾರ್ ಇದೆ ನೋಡಿ.

ಗೊತ್ತಿಲ್ಲದವರಿಗೆ: ವಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡದು, ದನಿ ತುಸು ತಗ್ಗಿನದು. ಚೆಲ್ಲೊ ಇನ್ನೂ ದೊಡ್ಡದು, ಕುರ್ಚಿಯಲ್ಲಿ ಕೂತು ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವುದು. ಹೀಗೆ ಮೂರೋ ನಾಲ್ಕೋ ಜನ ಒಂದು ಕೋಣೆಯಲ್ಲಿ ಕೂತು ನುಡಿಸುವುದಕ್ಕೆ ಪಶ್ಚಿಮದಲ್ಲಿ ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಚೇಂಬರ್ ಎಂದರೆ ಕೋಣೆಯೇ. ನಮ್ಮಲ್ಲಿ ಪಡಸಾಲೆಯ ಬೈಠಕ್ ಇದ್ದಂತೆ ಅನ್ನಬಹುದು, ಪೂರ್ತಿ ಹೊಂದದಿದ್ದರೂ. ಮೈಕ್ ಇಲ್ಲ, ಟಿಕೆಟ್ ಇಲ್ಲ, ಎದುರಿಗಿರುವವನು ಏನು ನುಡಿಸುತ್ತಾನೆಂದು ಕಿವಿಗೊಡದಿದ್ದರೆ ಕೃತಿ ಮುಂದೆ ಹೋಗುವುದೇ ಇಲ್ಲ.

ಆ ಪುಸ್ತಕಗಳ ಅರ್ಪಣೆಯ ಮಾತು ನಮಗೆ ಇನ್ನೂ ಇಷ್ಟವಾಯಿತು. ಕಠಿಣವಾದ 24 ಕಪ್ರೀಸ್‌ಗಳನ್ನು ಪಗನಿನಿ ಅರ್ಪಿಸಿದ್ದು ಕಲಾವಿದರಿಗೆ. ಕ್ವಾರ್ಟೆಟ್‌ಗಳನ್ನು ಅರ್ಪಿಸಿದ್ದು ಹವ್ಯಾಸಕ್ಕಾಗಿ ನುಡಿಸುವ ಹೆಣ್ಣುಮಕ್ಕಳಿಗೆ. ಯುರೋಪನ್ನೇ ಬೆರಗುಗೊಳಿಸಿದ ವಾದಕ, ಮನೆಯಲ್ಲಿ ಕೂತು ನುಡಿಸುವವರನ್ನು ನೆನೆದು ಪುಸ್ತಕ ಅಚ್ಚು ಹಾಕಿಸಿದ.

ಅಚ್ಚಾದವು ಆರು, ಒಟ್ಟು ಬರೆದ ಗಿಟಾರ್ ಕ್ವಾರ್ಟೆಟ್‌ಗಳು 15. ಇವುಗಳ ಹಿಂದೆ ಒಬ್ಬ ಗೆಳೆಯನಿದ್ದ. ಜಿನೋವಾದ ವಕೀಲ ಲುಯಿಜಿ ಜೆರ್ಮಿ. ವೃತ್ತಿ ಕೋರ್ಟಿನದು, ಪಿಟೀಲು ಅವನಿಗೆ ಹವ್ಯಾಸ. ಊರೂರು ಸುತ್ತುತ್ತಿದ್ದ ಪಗನಿನಿ ದುಡ್ಡಿನ ವ್ಯವಹಾರದಿಂದ ಹಿಡಿದು ಕಾಯಿಲೆಯ ಗೋಳಿನವರೆಗೆ ಎಲ್ಲವನ್ನೂ ಪತ್ರ ಬರೆದು ಹೇಳಿಕೊಳ್ಳುತ್ತಿದ್ದದ್ದು ಇವನಿಗೆ. 1835ರಲ್ಲಿ ಬರೆದ, ಒಂದೇ ರಾಗದ ಎಳೆಯನ್ನು 60 ಬಗೆಯಲ್ಲಿ ತಿರುಗಿಸುವ ಕೃತಿಯನ್ನು ಅರ್ಪಿಸಿದ್ದೂ ಇವನಿಗೇ.

ಇನ್ನು ಕೆಲವು ಕೃತಿಗಳಲ್ಲಿ ಪಗನಿನಿ ತನ್ನ ಪಿಟೀಲನ್ನೇ ಹಿಂದೆ ಕೂರಿಸುತ್ತಾನೆ. ಗ್ರ್ಯಾಂಡ್ ಸೊನಾಟಾ ಎಂಬುದರಲ್ಲಿ ಮುಖ್ಯ ವಾದ್ಯ ಗಿಟಾರ್, ಪಿಟೀಲಿನದು ಬರೀ ಪಕ್ಕವಾದ್ಯದ ಕೆಲಸ, ಅದೂ ತೀರಾ ಕಡಿಮೆ. ಹದಿನೈದನೆಯ ಕ್ವಾರ್ಟೆಟ್‌ನಲ್ಲಿ ಮುಂದಾಳು ವಯೋಲಾ. ಸಾಮಾನ್ಯವಾಗಿ ನಡುವೆ ಕೂತು ಯಾರ ಕಿವಿಗೂ ಬೀಳದೆ ದುಡಿಯುವ ವಾದ್ಯ ಅದು, ನಮ್ಮ ಮೇಳದ ಶ್ರುತಿಪೆಟ್ಟಿಗೆಯವನ ಹಾಗೆ. 1833ರ ಟೆರ್ಜೆಟ್ಟೊ ಎಂಬ ಮೂರು ವಾದ್ಯಗಳ ಕೃತಿಯಲ್ಲಿ ವಯೋಲಾ, ಗಿಟಾರ್, ಚೆಲ್ಲೊ ಇವೆ. ಪಿಟೀಲು ಇಲ್ಲವೇ ಇಲ್ಲ!

ಗುಣದ ಬಗ್ಗೆ ನಮ್ಮ ಅನಿಸಿಕೆ ಹೇಳಿಬಿಡುತ್ತೇವೆ. ಎಲ್ಲವೂ ಶ್ರೇಷ್ಠವೇನಲ್ಲ. ಗಿಟಾರ್ ಇಲ್ಲದೆ ಬರೆದ ಮೂರು ಸ್ಟ್ರಿಂಗ್ ಕ್ವಾರ್ಟೆಟ್‌ಗಳು ಆತನ ಸಮಕಾಲೀನ ಬೆಥೋವನ್‌ನ ಕ್ವಾರ್ಟೆಟ್‌ಗಳ ಹತ್ತಿರಕ್ಕೂ ಬರುವುದಿಲ್ಲ. ಗಿಟಾರ್ ಕ್ವಾರ್ಟೆಟ್‌ಗಳಲ್ಲೂ ಹಲವು ಕಡೆ ಪಿಟೀಲು ಹಾಡುತ್ತದೆ, ಉಳಿದವು ತಾಳ ಹಾಕುತ್ತವೆ. ಆದರೆ ನಿಧಾನಗತಿಯ ಭಾಗಗಳಲ್ಲಿ ಹಾಡಿನಂಥ ಎಳೆಗಳಿವೆ. ಸರ್ಕಸ್ ಇಲ್ಲದ ಪಗನಿನಿ ಅಲ್ಲಿ ಸಿಗುತ್ತಾನೆ.

ಇಷ್ಟಿದ್ದೂ ಇವು ಯಾಕೆ ಹೆಸರಾಗಲಿಲ್ಲ? ಒಂದು ಕಾರಣ ಗಿಟಾರ್. ಕ್ವಾರ್ಟೆಟ್ ತಂಡವೆಂದರೆ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಎಂದು ರೂಢಿಯಾಗಿಬಿಟ್ಟಿತು, ಗಿಟಾರ್ ಇರುವ ತಂಡ ಅಪರೂಪ. ಇನ್ನೊಂದು, ಬಹುಪಾಲು ಕೃತಿಗಳು ಕೈಬರಹದಲ್ಲೇ ಉಳಿದವು. ಆತನ ಎಲ್ಲ ಕೃತಿಗಳ ಸರಿಯಾದ ಪಟ್ಟಿಯನ್ನು ಮೊರೆಟ್ಟಿ ಮತ್ತು ಸೊರೆಂಟೊ ಎಂಬ ಇಬ್ಬರು ಸಂಶೋಧಕಿಯರು ಪ್ರಕಟಿಸಿದ್ದು 1982ರಲ್ಲಿ, ಅಂದರೆ ಹುಟ್ಟಿ 200 ವರ್ಷವಾದಾಗ. ಈಗ ಆತನ ಕೃತಿಗಳಿಗೆ ಹಾಕುವ ಎಂ.ಎಸ್. ಸಂಖ್ಯೆ ಇವರಿಬ್ಬರ ಹೆಸರಿನ ಮೊದಲಕ್ಷರಗಳು. ಮೂರನೆಯ ಕಾರಣ ಫಾರ್ವರ್ಡ್‌ನದ್ದೇ ಗುಣ. ಮೂರು ತಂತಿ ಹರಿದ ಕತೆಯನ್ನು ಹತ್ತು ಜನರಿಗೆ ಕಳಿಸಬಹುದು. ವಕೀಲ ಗೆಳೆಯನಿಗೆ ಕ್ವಾರ್ಟೆಟ್ ಬರೆದುಕೊಟ್ಟ ಕತೆಯನ್ನು ಯಾರು ಕಳಿಸುತ್ತಾರೆ?

ವಿಚಿತ್ರವೆಂದರೆ ಸಭೆಯಲ್ಲಿ ಒಬ್ಬನೇ ಮೆರೆಯುವ ಕೃತಿಗಳನ್ನು ಪಗನಿನಿ ಬಚ್ಚಿಟ್ಟ. ಆರ್ಕೆಸ್ಟ್ರಾದವರಿಗೆ ಸ್ವರಲಿಪಿಯನ್ನು ಕಛೇರಿಯ ಹೊತ್ತಿಗೆ ಕೊಟ್ಟು ಮುಗಿದ ಕೂಡಲೇ ವಾಪಸು ತೆಗೆದುಕೊಳ್ಳುತ್ತಿದ್ದ. ಮೊದಲ ಎರಡು ಪಿಟೀಲು ಕನ್ಚರ್ಟೊಗಳೂ ಅಚ್ಚಾದದ್ದು ಆತ ಸತ್ತ ಮೇಲೆ, 1851ರಲ್ಲಿ. ಬದುಕಿದ್ದಾಗ ಧಾರಾಳವಾಗಿ ಹೊರಗೆ ಬಿಟ್ಟದ್ದು ಜೊತೆಗೂಡಿ ನುಡಿಸುವ ಸಂಗೀತವನ್ನು. ಕೊನೆಗಾಲದಲ್ಲಿ ಆತನ ಬಳಿ ಸ್ಟ್ರಾಡಿವಾರಿ ಮಾಡಿದ ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ ಇದ್ದವು. ಒಂದು ಇಡೀ ಕ್ವಾರ್ಟೆಟ್‌ಗೆ ಬೇಕಾದ ವಾದ್ಯಗಳು. ಅವು ಈಗ ಜಪಾನಿನ ನಿಪ್ಪಾನ್ ಮ್ಯೂಸಿಕ್ ಫೌಂಡೇಶನ್ ಬಳಿ ಇವೆ, ಒಂದೊಂದು ಕಾಲಕ್ಕೆ ಒಂದೊಂದು ಕ್ವಾರ್ಟೆಟ್ ತಂಡ ಅವನ್ನು ಎರವಲು ಪಡೆದು ನುಡಿಸುತ್ತದೆ.

ನಮ್ಮಲ್ಲಿ ತಂತಿ ಏಳಾಯಿತು

ಪಗನಿನಿ ಇಟಲಿಯಲ್ಲಿ ಬೆಳೆಯುತ್ತಿದ್ದ ಕಾಲಕ್ಕೇ ದಕ್ಷಿಣ ಭಾರತದಲ್ಲಿ ಪಿಟೀಲು ನಮ್ಮ ಸಂಗೀತದೊಳಗೆ ಬರುತ್ತಿತ್ತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿಯನ್ನರ ಬಳಿ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಒಂದು ಶತಮಾನದ ನಂತರ ನಮ್ಮಲ್ಲೇ ಒಬ್ಬರು ಪಿಟೀಲಿನ ತಂತಿ ಎಣಿಕೆಗೆ ಕೈಹಾಕಿದರು. ಮೈಸೂರಿನ ಟಿ. ಚೌಡಯ್ಯನವರು.

ಅವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲು ನರಸೀಪುರದಲ್ಲಿ. ಗುರು ಬಿಡಾರಂ ಕೃಷ್ಣಪ್ಪ. ಮೈಕ್ ಇಲ್ಲದ ದಿನಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿನವರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಚೌಡಯ್ಯನವರು ನಾಲ್ಕರ ಜೊತೆ ಇನ್ನೂ ಮೂರು ತಂತಿ ಸೇರಿಸಿದರು. ಒಂದೇ ಸ್ವರಕ್ಕೆ ಜೊತೆ ತಂತಿ ಸೇರಿದರೆ ನಾದ ತುಂಬಿಕೊಳ್ಳುತ್ತದೆ, ದೂರಕ್ಕೆ ಹೋಗುತ್ತದೆ. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ: ಈ ಮೂವರ ಕಛೇರಿಗಳನ್ನು ಹಳಬರು ಇಂದಿಗೂ ನೆನೆಯುತ್ತಾರೆ. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರಲ್ಲಿ ತೀರಿಕೊಂಡರು.

ಬೆಂಗಳೂರಿನ ವೈಯಾಲಿಕಾವಲಿನಲ್ಲಿ 1980ರಲ್ಲಿ ಕಟ್ಟಿ ಮುಗಿಸಿದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದ ಫೋಟೊ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಆದರೆ ಚೌಡಯ್ಯನವರು ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದ್ದಾರೆ ಎಂಬುದು ಎಷ್ಟು ಜನರಿಗೆ ಗೊತ್ತು? ಹುಟ್ಟಿದ ಊರಿನ ಹೆಸರೇ ಆ ಅಂಕಿತ. ಪಗನಿನಿಯ ಕ್ವಾರ್ಟೆಟ್‌ಗಳಿಗೆ ಆದದ್ದೇ ಇಲ್ಲೂ ಆಯಿತು: ತಂತಿಯ ಎಣಿಕೆ ನೆನಪಿನಲ್ಲಿ ಉಳಿಯಿತು, ರಚನೆಗಳು ಹಿಂದೆ ಸರಿದವು.

ಮೇಷ್ಟ್ರಿಗೆ ನಾವು ಬರೆದ ಉತ್ತರ

ಸರ್, ಮೂರು ತಂತಿ ಹರಿದ ಪ್ರಸಂಗವನ್ನು ನಿಜವೆಂದು ಹೇಳಬೇಡಿ. ಒಂದೇ ತಂತಿಗೆಂದು ಪಗನಿನಿ ಕೃತಿ ಬರೆದು ಅಭ್ಯಾಸ ಮಾಡಿ ನುಡಿಸಿದ್ದು ನಿಜ, ಅದನ್ನು ಧಾರಾಳವಾಗಿ ಹೇಳಿ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಅಭ್ಯಾಸದ ಕತೆ ಅವಘಡದ ಕತೆಗಿಂತ ಕಡಿಮೆಯೇನಲ್ಲ. ಯಾರನ್ನೂ ನಂಬಬೇಡ, ಒಬ್ಬನೇ ನುಡಿಸು ಎಂಬ ಕೊನೆಯ ಸಾಲನ್ನು ಮಾತ್ರ ಬಿಟ್ಟುಬಿಡಿ. ಅದನ್ನು ಪಗನಿನಿಯ ತಲೆಗೆ ಕಟ್ಟುವುದು ಅನ್ಯಾಯ. ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ, ಅಜ್ಜಿಯ ಜೊತೆ ಉಳಿದ ಮಗುವಿಗೆ ಆ ಸಾಲು ಹೇಗೆ ಕೇಳಿಸುತ್ತದೆಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು.

ಸಾಧ್ಯವಾದರೆ ಕ್ಲಾಸಿನಲ್ಲಿ ಫೋನಿಗೆ ಸ್ಪೀಕರ್ ಹಾಕಿ ಕೇಳಿಸಿ. ಯೂಟ್ಯೂಬಿನಲ್ಲಿ ಪಗನಿನಿ, ವಯೋಲಾ, ಗಿಟಾರ್, ಚೆಲ್ಲೊ ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಪಿಟೀಲಿಲ್ಲದ ಟೆರ್ಜೆಟ್ಟೊ ಸಿಗುತ್ತದೆ. ಮಕ್ಕಳಿಗೆ ಅದು ಉದ್ದವಾಯಿತು ಅನ್ನಿಸಿದರೆ ಮೂರನೆಯ ಪುಸ್ತಕದ ಆರನೆಯ ಸೊನಾಟಾ ಹಾಕಿ. ಪಿಟೀಲು ಮತ್ತು ಗಿಟಾರ್ ಎರಡೇ ವಾದ್ಯ, ಚಿಕ್ಕದು, ಒಮ್ಮೆ ಕೇಳಿದರೆ ರಾಗ ಬಾಯಿಗೆ ಬರುತ್ತದೆ. ಅದರ ನಂತರ ಚೆಂಬೈಯವರ ಹಳೆಯ ರೆಕಾರ್ಡಿಂಗ್ ಒಂದನ್ನು ಹಾಕಿ, ಹಾಡಿನ ಹಿಂದೆ ಬರುವ ಪಿಟೀಲು ಯಾವುದೆಂದು ಗುರುತಿಸಲು ಹೇಳಿ.

ಮೇಷ್ಟ್ರು ಮರುದಿನ ಉತ್ತರ ಕಳಿಸಿದರು. ಸೊನಾಟಾ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದನಂತೆ: "ಸರ್, ಆ ಗಿಟಾರ್ ಬಾರಸಾಕತ್ತಾವನ ಹೆಸರು ಯಾಕ ಹಾಕಿಲ್ರಿ?"